ಸಹಾಯ ಬೇಕು: ನನ್ನ ಪಿಯಾನೋ ರಚನೆಯ ಮಧ್ಯಭಾಗ ಕೂಡಿಕೊಳ್ಳುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಹವ್ಯಾಸಕ್ಕೆ ಪಿಯಾನೋ ಸಂಗೀತ ಬರೆಯುವವನು. ಈಗ ಬರೆದಿರುವುದು ಡಿ ಮೈನರ್ ಸ್ಕೇಲ್‌ನಲ್ಲಿ ಒಂದು ಪುಟ್ಟ ವಾಲ್ಟ್ಜ್ (ಮೂರು ಎಣಿಕೆಯ ನೃತ್ಯಸಂಗೀತ). ಆಡಿಯೋ, ಸ್ವರಲಿಪಿ ಎರಡನ್ನೂ ಹಾಕಿದ್ದೇನೆ.

ತೊಂದರೆ ಇರುವುದು ನಡುವೆ. ಮಧ್ಯಭಾಗ ಎಫ್ ಮೇಜರ್‌ಗೆ ಹೋಗುತ್ತದೆ, ಅಲ್ಲಿಯವರೆಗೆ ಸಲೀಸು. ವಾಪಸ್ ಬರುವಾಗ ಸಿ ಸ್ವರವನ್ನು ಸಿ ಶಾರ್ಪ್ ಮಾಡಿ, ಎ ಸೆವೆನ್ತ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹಿಡಿದು ಡಿ ಮೈನರ್‌ಗೆ ಇಳಿಯುತ್ತೇನೆ. ವ್ಯಾಕರಣ ಸರಿಯಾಗೇ ಇದೆ, ಆದರೆ ಕಿವಿಗೆ ಯಾರೋ ಧಡ್ ಅಂತ ಬಾಗಿಲು ಹಾಕಿದ ಹಾಗೆ ಕೇಳುತ್ತದೆ. ಆ ಕಾರ್ಡನ್ನು ಇನ್ನೆರಡು ಬಾರ್ (ತಾಳದ ಆವರ್ತ) ಎಳೆಯಬೇಕಾ? ಅಥವಾ ಜಿ ಮೈನರ್ ಮುಟ್ಟಿಕೊಂಡು ಬರಲಾ?

ಸ್ವರವನ್ನು ಎಳೆದು ಹಿಡಿಯುವ ಪೆಡಲ್ ಇನ್ನೊಂದು ತಲೆನೋವು. ಪ್ರತಿ ಬಾರ್‌ಗೆ ಒಮ್ಮೆ ಬದಲಿಸಿದರೆ ಎಡಗೈಯ ಬಾಸ್ ಚೆನ್ನಾಗಿ ನಿಲ್ಲುತ್ತದೆ, ಆದರೆ ಮೇಲಿನ ರಾಗ ಕಲಸಿಹೋಗುತ್ತದೆ. ಕಂಪ್ಯೂಟರ್ ನುಡಿಸಿದರಂತೂ ಜೀವವೇ ಇಲ್ಲ.

ನನ್ನ ಅಭಿರುಚಿ ಗೊತ್ತಾಗಲಿ ಅಂತ ಹೇಳುತ್ತೇನೆ: ಪಿಯಾನೋ ವಾದಕ ದಿನು ಲಿಪಾಟ್ಟಿ 1950ರಲ್ಲಿ ನುಡಿಸಿದ ಶೋಪಾನ್ ವಾಲ್ಟ್ಜ್‌ಗಳು ನನಗೆ ಪ್ರಾಣ. ಇನ್ನೊಬ್ಬ ಪಿಯಾನೋ ವಾದಕ ಗ್ಲೆನ್ ಗೌಲ್ಡ್ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಅನ್ನು 1955ರಲ್ಲಿ ಒಮ್ಮೆ, 1981ರಲ್ಲಿ ಮತ್ತೊಮ್ಮೆ ರೆಕಾರ್ಡ್ ಮಾಡಿದರು ಅಲ್ವಾ? ನನಗೆ ಎರಡನೆಯದೇ ಇಷ್ಟ. ಶುರುವಿನ ಆರಿಯಾ (ಮೊದಲ ಭಾಗ) ಅಷ್ಟು ನಿಧಾನ, ಆದರೂ ಎಲ್ಲೂ ಜೋಲುವುದಿಲ್ಲ. (ಮೊದಲನೆಯದರ ಅಭಿಮಾನಿಗಳು ಜಗಳಕ್ಕೆ ಬರಬಹುದು, ಪರವಾಗಿಲ್ಲ.)

ಸುಮ್ನೆ "ಸೂಪರ್" ಅನ್ನಬೇಡಿ. ಯಾವ ಬಾರ್‌ನಲ್ಲಿ ಎಡವಿತು ಅಂತ ಹೇಳಿದರೆ ಜಾಸ್ತಿ ಉಪಕಾರ. ಮೇಜರ್‌ನಿಂದ ಮೈನರ್‌ಗೆ ಮೆತ್ತಗೆ ಮರಳುವ ರಚನೆ ಗೊತ್ತಿದ್ದರೆ, ನಿಮಗಿಷ್ಟವಾದ ರೆಕಾರ್ಡಿಂಗ್ ಹೆಸರೂ ಬರೆಯಿರಿ.