ಅಪ್‌ಡೇಟ್: ಕಲಬುರಗಿಯ ಬಿಸಿಲಿನಲ್ಲಿ ನಮ್ಮ ಲ್ಯಾಬ್ರಡಾರ್

ಮಧ್ಯಾಹ್ನವಿಡೀ ಏದುಸಿರು ಬಿಡುತ್ತ, ಬೇಸರಕ್ಕೆ ಚಪ್ಪಲಿ ಕಡಿಯುತ್ತಿದ್ದ ನಮ್ಮ ರಾಣಿಯನ್ನು ಕಲಬುರಗಿಯ 42 ಡಿಗ್ರಿ ಬಿಸಿಲಿನಲ್ಲಿ ಹೇಗೆ ಕಾಪಾಡಲಿ ಎಂದು ಎರಡು ವಾರಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನಾಯಿ ಮುಖ್ಯವಾಗಿ ಅಂಗಾಲಿನಲ್ಲಷ್ಟೇ ಬೆವರುವುದರಿಂದ, ಏದುಸಿರೇ ಅದರ ಮೈ ತಂಪಾಗುವ ದಾರಿಯೆಂದು ತಿಳಿದ ಮೇಲೆ ವಾಕಿಂಗನ್ನು ಬೆಳಗಿನ ಐದೂವರೆಗೆ ಬದಲಿಸಿದೆವು. ಸಂಜೆ ರಸ್ತೆಗೆ ಒತ್ತಿದ ಮುಂಗೈ 5 ಸೆಕೆಂಡ್ ಬಿಸಿ ತಾಳದಿದ್ದರೆ ಹೊರಗೆ ಹೋಗುವುದೇ ಇಲ್ಲ.

ಎಲ್ಲಕ್ಕಿಂತ ಫಲಿಸಿದ್ದು ಮಜ್ಜಿಗೆಯ ಉಪಾಯ. ಉಪ್ಪಿಲ್ಲದ ನೀರುಮಜ್ಜಿಗೆಯಲ್ಲಿ ಕ್ಯಾರೆಟ್ ಚೂರು ಹಾಕಿ, ಸ್ಟೀಲ್ ಬಟ್ಟಲನ್ನು ಫ್ರೀಜರ್‌ನಲ್ಲಿಟ್ಟು ಗಟ್ಟಿಯಾಗಿಸಿ ಕೊಟ್ಟರೆ, ಶಹಾಬಾದ್ ಕಲ್ಲಿನ ನೆಲದ ಮೇಲೆ ಅದನ್ನು ಪಂಜದಿಂದ ತಳ್ಳುತ್ತ, ಕ್ಯಾರೆಟ್ ಸಿಗುವವರೆಗೂ ಅರ್ಧ ಗಂಟೆ ನೆಕ್ಕುತ್ತಾಳೆ. ಬಳಿಕ ಆ ಒದ್ದೆ ನೆಲದಲ್ಲೇ ಹೊಟ್ಟೆಯೂರಿ ಮಲಗುತ್ತಾಳೆ.