ಯಾರಿಗೆ ಓಟು ಹಾಕಿದೆ ಅಂತ ಮನೆಯಲ್ಲಿ ಹೇಳಬೇಕಾ?

ತುಮಕೂರಿನ ಮಗಳು, ಪೆನ್ಸಿಲ್ವೇನಿಯಾ
2024 ನವೆಂಬರ್ 10

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಈ ಸಲದ ಅಮೆರಿಕ ಅಧ್ಯಕ್ಷರ ಚುನಾವಣೆಯಲ್ಲಿ ನಮ್ಮ ಯಜಮಾನರು ಟ್ರಂಪ್‌ಗೆ ಓಟು ಹಾಕಿದರು. ಮಗಳು ಕಮಲಾ ಹ್ಯಾರಿಸ್‌ಗೆ ಹಾಕಿದಳು. ಇಬ್ಬರಿಗೂ ಅಮೆರಿಕದಲ್ಲಿ ಇದು ಮೊದಲ ಓಟು. ಬುಧವಾರ ಬೆಳಗ್ಗೆಯಿಂದ ಅಪ್ಪ ಮಗಳಿಗೆ ಮಾತಿಲ್ಲ. ನಾನು ಯಾರಿಗೆ ಹಾಕಿದೆ ಅಂತ ಇಬ್ಬರೂ ಬೇರೆ ಬೇರೆಯಾಗಿ ಕೇಳುತ್ತಿದ್ದಾರೆ. ನಾನು ಇನ್ನೂ ಬಾಯಿ ಬಿಟ್ಟಿಲ್ಲ. ಹೇಳಬೇಕಾ, ಬೇಡವಾ?

ನಾವು ಇಲ್ಲಿಗೆ ಬಂದದ್ದು 2004ರಲ್ಲಿ. ಗ್ರೀನ್ ಕಾರ್ಡ್ ಸಿಕ್ಕಿದ್ದು 2019ರಲ್ಲಿ, ಸಿಟಿಜನ್ ಆಗಿದ್ದು ಈ ವರ್ಷ. ಭಾರತದ ಪಾಸ್‌ಪೋರ್ಟ್ ಒಪ್ಪಿಸಲು ಕವರಿಗೆ ಹಾಕುವಾಗ ಅತ್ತಿದ್ದೆ. ಓಟಿಗಾಗಿಯೇ ಊರಿಗೆ ಹೋಗಿಬರಲು ಆಗುತ್ತಿರಲಿಲ್ಲ, ಇಲ್ಲಿ ಹಕ್ಕೇ ಇರಲಿಲ್ಲ, ಹಾಗಾಗಿ ಇಪ್ಪತ್ತು ವರ್ಷ ನಾನು ಎಲ್ಲಿಯೂ ಓಟು ಹಾಕಿರಲಿಲ್ಲ. ಅದಕ್ಕೇ 5ನೇ ತಾರೀಕು ಬೆಳಗ್ಗೆ ಏಳಕ್ಕೆ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿದ್ದೆ. ಆ ಮತಗಟ್ಟೆಯಲ್ಲಿ ಮೊದಲ ಸಲ ಹಾಕುವವರು ಗುರುತಿನ ಚೀಟಿ ತೋರಿಸಬೇಕು, ತೋರಿಸಿದೆ. ದೊಡ್ಡ ಕಾಗದ ಕೊಟ್ಟರು. ಹೆಸರಿನ ಪಕ್ಕದ ಸಣ್ಣ ಮೊಟ್ಟೆಯಾಕಾರವನ್ನು ಪೆನ್ನಿನಿಂದ ತುಂಬಿ ಯಂತ್ರಕ್ಕೆ ಕೊಡಬೇಕು, ಅದು ಒಳಗೆ ಎಳೆದುಕೊಳ್ಳುತ್ತದೆ. ಬೆರಳಿಗೆ ನಮ್ಮ ಮೈಸೂರಿನ ಶಾಯಿ ಇಲ್ಲ, ಒಂದು ಸ್ಟಿಕ್ಕರ್ ಕೊಟ್ಟರು. ಮನೆಗೆ ಬಂದು ಸಾರಿನಪುಡಿ ಡಬ್ಬಿಗೆ ಅಂಟಿಸಿದೆ.

ಆ ರಾತ್ರಿ ಇವರು ಟಿವಿ ಮುಂದೆಯೇ ಕೂತಿದ್ದರು. ಅಧ್ಯಕ್ಷರ ಆಯ್ಕೆಯಲ್ಲಿ ನಮ್ಮ ರಾಜ್ಯದ ಪಾಲು 19 ಮತ, ರಾಜ್ಯದಲ್ಲಿ ಗೆದ್ದವರಿಗೇ ಅಷ್ಟೂ. ಎರಡೂವರೆ ಸುಮಾರಿಗೆ ಅದು ಟ್ರಂಪ್‌ಗೆ ಅಂತ ಬಂತು, ಐದೂವರೆ ಹೊತ್ತಿಗೆ ಎಲ್ಲ ಮುಗಿಯಿತು. ಆರಕ್ಕೆ ಮಗಳ ಫೋನು. ಅವಳು ಪಿಟ್ಸ್‌ಬರ್ಗ್‌ನಲ್ಲಿ ಓದುತ್ತಿದ್ದಾಳೆ. ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ, ಸ್ಪೀಕರ್‌ಗೆ ಹಾಕಿದೆ. ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಇವರು ಪಕ್ಕದಿಂದ "ಜನ ಆರಿಸಿದ್ದಾರೆ, ಅದಕ್ಕೆ ಅಳೋದೇನಿದೆ" ಅಂದರು. ಫೋನ್ ಕಟ್ ಆಯಿತು. ರವೆ ಸೀದು ಹೋಯಿತು.

ಇವರ ಮಾತು ಸುಳ್ಳಲ್ಲ. ನಾವು ಹದಿನೈದು ವರ್ಷ ಸಾಲಿನಲ್ಲಿ ನಿಂತವರು, ಪ್ರತಿ ಸಲ ಊರಿಗೆ ಹೋದಾಗ ವೀಸಾ ಸ್ಟ್ಯಾಂಪ್ ಆಗುತ್ತೋ ಇಲ್ಲವೋ ಅಂತ ಹೆದರಿದವರು. ಸುಮ್ನೆ ಗಡಿ ದಾಟಿ ಬಂದವರನ್ನು ಕಂಡರೆ ಇವರಿಗೆ ಹೊಟ್ಟೆ ಉರಿಯುತ್ತದೆ. ಅಂಗಡಿಗೆ ಹೋದರೆ ಎಲ್ಲದರ ಬೆಲೆಯೂ ಜಾಸ್ತಿ. ಮಗಳ ಮಾತೂ ಸುಳ್ಳಲ್ಲ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಗರ್ಭಪಾತದ ಹಕ್ಕು ತೆಗೆದಾಗ ಅವಳಿಗೆ ಹದಿನಾರು. ಹಾಗೆ ತೀರ್ಪು ಕೊಟ್ಟವರಲ್ಲಿ ಮೂವರನ್ನು ನೇಮಿಸಿದ್ದು ಟ್ರಂಪ್. "ಓಟು ಹಾಕುವಾಗ ಅಪ್ಪನಿಗೆ ನಾನು ನೆನಪಾಗಲಿಲ್ವಾ" ಅಂತ ನನ್ನನ್ನು ಕೇಳುತ್ತಾಳೆ. ಇದರ ಮಧ್ಯೆ ತುಮಕೂರಿನಿಂದ ಅಮ್ಮ ಫೋನ್ ಮಾಡಿ "ನಮ್ಮ ಮದರಾಸಿನ ಕಡೆ ಹುಡುಗಿ ಸೋತಳಂತೆ, ಪಾಪ" ಅಂದಳು.

28ಕ್ಕೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಮಗಳು ಬರುತ್ತಾಳೆ. ಅಷ್ಟರೊಳಗೆ ಏನಾದರೂ ದಾರಿ ತೋರಿಸಿ.

ಅಟ್ಲಾಂಟಾ ಭಾವಮೈದ

ಅಕ್ಕಾ, ಹೇಳಿಬಿಡಿ. ಮುಚ್ಚಿಟ್ಟರೆ ಬೆಳೆಯುತ್ತದೆ.

ನಮ್ಮದು ಜಾರ್ಜಿಯಾ. 2020ರಲ್ಲಿ ಇಲ್ಲಿ ಸುಮಾರು 50 ಲಕ್ಷ ಓಟಿನಲ್ಲಿ ಬೈಡನ್ ಗೆದ್ದಿದ್ದು ಬರೀ 11,779ರಿಂದ. ಕಾಗದಗಳನ್ನೆಲ್ಲ ಕೈಯಲ್ಲಿ ಮತ್ತೆ ಎಣಿಸಿದರು. ನನಗೂ ನಮ್ಮ ಭಾವನಿಗೂ ಆಗ ವಾಟ್ಸಾಪ್ ಗ್ರೂಪಿನಲ್ಲೇ ಜಗಳ ಹತ್ತಿಕೊಂಡಿತು. ಅಕ್ಕನ ಮನೆ ನಮ್ಮಿಂದ ಇಪ್ಪತ್ತು ನಿಮಿಷ, ಆದರೂ ಎರಡು ದೀಪಾವಳಿಗೆ ಹೋಗಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ತಮ್ಮನಿಗೆ ಇದು ಅರ್ಥವಾಗುವುದಿಲ್ಲ, ಅಲ್ಲಿ ಯಾರು ಗೆಲ್ಲುತ್ತಾರೆ ಅಂತ ಮೊದಲೇ ಗೊತ್ತು. ನಿಮ್ಮಲ್ಲಿ, ನಮ್ಮಲ್ಲಿ ತಿಂಗಳುಗಟ್ಟಲೆ ಫೋನು, ಮೆಸೇಜು, ಬಾಗಿಲು ತಟ್ಟೋದು. ನಿಮ್ಮ ಒಂದು ಓಟಿನ ಮೇಲೇ ದೇಶ ನಿಂತಿದೆ ಅಂತ ತಲೆಗೆ ತುಂಬುತ್ತಾರೆ. ಆಮೇಲೆ ಎದುರು ಪಕ್ಷಕ್ಕೆ ಹಾಕಿದ ಮನೆಯವನು ಶತ್ರು ಥರ ಕಾಣುತ್ತಾನೆ.

ಕೊನೆಗೆ ಅಕ್ಕನ ಮಗನ ಉಪನಯನಕ್ಕೆ ಹೋದೆ. ಭಾವ ನನ್ನ ಎಲೆಗೆ ಎರಡನೇ ಹೋಳಿಗೆ ಹಾಕಿ, ಕೇಳದೇ ತುಪ್ಪ ಸುರಿದರು. ಅಷ್ಟೇ ಆಗಿದ್ದು. ಆ ಎರಡು ವರ್ಷ ನನಗೆ ವಾಪಸ್ ಸಿಗಲಿಲ್ಲ.

ಇಲ್ಲೇ ಹುಟ್ಟಿದವಳು

ಆಂಟಿ, ನನಗೆ 22, ಅಜ್ಜಿ ಕಲಿಸಿದ ಕನ್ನಡ, ತಪ್ಪಿದ್ದರೆ ಕ್ಷಮಿಸಿ. ನನಗನ್ನಿಸೋದು, ನಿಮ್ಮ ಮಗಳಿಗೆ ಅಂಕಲ್ ಓಟಿಗಿಂತ "ಅಳೋದೇನಿದೆ" ಅಂದದ್ದು ಜಾಸ್ತಿ ನೋವು ಕೊಟ್ಟಿದೆ. ಅವಳು ಆರು ಗಂಟೆಗೆ ಮನೆಗೆ ಫೋನ್ ಮಾಡಿದ್ದು ಚರ್ಚೆಗಲ್ಲ. ನನ್ನ ಅಪ್ಪನೂ ಒಂದು ಸಲ ಹೀಗೇ ಅಂದಿದ್ದರು. ಅವರು ಯಾವ ಪಕ್ಷ ಅನ್ನುವುದು ನನಗೆ ಆಗ ಮುಖ್ಯವೇ ಆಗಿರಲಿಲ್ಲ.

ನೀವು ಈಗ ಹೇಳಬೇಡಿ. ಈಗ ಹೇಳಿದರೆ ಅದು ಅವರ ಜಗಳದಲ್ಲಿ ಮೂರನೇ ಓಟು ಆಗುತ್ತದೆ. ಒಬ್ಬರು ಮನೆಯಲ್ಲೂ ಗೆದ್ದ ಹಾಗೆ, ಒಬ್ಬರು ಮನೆಯಲ್ಲೂ ಸೋತ ಹಾಗೆ. ಮೊದಲು ಅಂಕಲ್ ಅವಳ ಹತ್ತಿರ ಮಾತಾಡಲಿ, ರಾಜಕೀಯ ಬಿಟ್ಟು.

ಹಾಸನದಿಂದ

ತಂಗಿ, ನಮ್ಮಲ್ಲಿ ರಾಷ್ಟ್ರಪತಿ ಚುನಾವಣೆಗೆ ಯಾರ ಮನೆಯಲ್ಲೂ ಜಗಳ ಇಲ್ಲ, ಹಾಕುವವರು ಎಂಪಿ, ಎಂಎಲ್‌ಎಗಳು. 2022ರಲ್ಲಿ ದ್ರೌಪದಿ ಮುರ್ಮು ಗೆದ್ದದ್ದನ್ನು ಟಿವಿಯಲ್ಲಿ ನೋಡಿ ಖುಷಿಪಟ್ಟು ಮಲಗಿದೆವು. ನಮಗೆ ಜಗಳ ಪಂಚಾಯಿತಿ ಚುನಾವಣೆಗೆ. ಒಂದು ಸಲ ನಾನೊಂದು ಕಡೆ, ನಮ್ಮಣ್ಣ ಒಂದು ಕಡೆ ನಿಂತು ಕ್ಯಾನ್ವಾಸ್ ಮಾಡಿದೆವು. ಇಬ್ಬರೂ ಅವ್ವನ ಓಟು ನಮಗೇ ಅಂದುಕೊಂಡಿದ್ದೆವು. ರಾತ್ರಿ ಅಣ್ಣ ಕೇಳೇಬಿಟ್ಟ. ಅವ್ವ ಇಬ್ಬರ ತಟ್ಟೆಗೂ ಮುದ್ದೆ ಇಟ್ಟು, "ಹೆತ್ತೋಳ್ನ ಇದೊಂದು ಕೇಳ್‌ಬ್ಯಾಡ್ರಪ್ಪ" ಅಂದಳು. ಅವಳು ತೀರಿಕೊಂಡು ಆರು ವರ್ಷ ಆಯಿತು, ನಮಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದೇ ಒಳ್ಳೆಯದಾಯಿತು ಅಂತ ಅಣ್ಣನೂ ಅನ್ನುತ್ತಾನೆ.

ತುಮಕೂರಿನ ಮಗಳು, ಪೆನ್ಸಿಲ್ವೇನಿಯಾ
2024 ಡಿಸೆಂಬರ್ 1

ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಅಂತ ಬರೆಯುತ್ತೇನೆ.

22 ವರ್ಷದ ಆ ಹುಡುಗಿ ಬರೆದದ್ದನ್ನು ಇವರಿಗೆ ಹಾಗೇ ಓದಿ ಹೇಳಿದೆ. ಒಂದು ಮಾತೂ ಆಡಲಿಲ್ಲ, ಎದ್ದು ಹೋಗಿ ಗ್ಯಾರೇಜಿನಲ್ಲಿ ಎಲೆ ಗುಡಿಸಿದರು. ಆದರೆ ಬುಧವಾರ ಅವಳು ರೈಲಿನಲ್ಲಿ ಬಂದಾಗ ಸ್ಟೇಷನ್ನಿಗೆ ನಾನೇ ಹೋಗುತ್ತೇನೆ ಅಂದರು. ಕಾರಿನಲ್ಲಿ ಏನು ಮಾತಾಡಿದರು ಅಂತ ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಮನೆಗೆ ಬಂದಾಗ ಅವಳ ಬ್ಯಾಗು ಇವರ ಹೆಗಲ ಮೇಲಿತ್ತು.

ಶುಕ್ರವಾರ ರಾತ್ರಿ ಮತ್ತೆ ವಾದ ಶುರುವಾಯಿತು, ಹನ್ನೊಂದರವರೆಗೆ. ಗಡಿ, ಬೆಲೆ, ಕೋರ್ಟು ಎಲ್ಲ ಬಂತು. ಇಬ್ಬರ ದನಿಯೂ ಏರಿತು. ಆದರೆ ಯಾರೂ ಎದ್ದು ಹೋಗಲಿಲ್ಲ. ನಡುವೆ ಅವಳು "ನಾನು ಆವತ್ತು ಹೆದರಿದ್ದೆ ಅಪ್ಪ" ಅಂದಳು. ಇವರು "ಗೊತ್ತಾಗಲಿಲ್ಲ ಪುಟ್ಟಿ" ಅಂದರು. ನಾನು ಬಿಸಿಬೇಳೆಬಾತ್ ಮತ್ತೆ ಬಿಸಿ ಮಾಡಿ ತಂದೆ.

ಆಗ ಇಬ್ಬರೂ ನನ್ನ ಕಡೆ ತಿರುಗಿದರು. ಹೇಳಲ್ಲ ಅಂದೆ. ಯಾಕೆ ಅಂತ ಮಾತ್ರ ಹೇಳಿದೆ. ಆ ಕಾಗದದ ಮುಂದೆ ಪೆನ್ನು ಹಿಡಿದು ತುಂಬಾ ಹೊತ್ತು ನಿಂತಿದ್ದೆ. ವೀಸಾ ಸಾಲಿನಲ್ಲಿ ಇವರು ಕೂದಲು ಬೆಳ್ಳಗೆ ಮಾಡಿಕೊಂಡದ್ದೂ ನೆನಪಾಯಿತು, ಅವಳ ಮುಖವೂ ನೆನಪಾಯಿತು. ಇಬ್ಬರನ್ನೂ ಬಿಟ್ಟು ಹಾಕಿದ ಓಟಲ್ಲ ಅದು. ಇಪ್ಪತ್ತು ವರ್ಷ ಆದಮೇಲೆ ಸಿಕ್ಕಿದ್ದು, ಅದು ನನ್ನ ಹತ್ತಿರವೇ ಇರಲಿ ಅಂದೆ.

ಇವತ್ತು ಬೆಳಗ್ಗೆ ಅವಳು ಹೊರಟಳು. ಸಾರಿನಪುಡಿ ಕಟ್ಟಿಕೊಡುವಾಗ ಡಬ್ಬಿ ಮೇಲಿನ ಸ್ಟಿಕ್ಕರ್ ಸವರುತ್ತಾ, "ಅಜ್ಜಿಗಾದರೂ ಹೇಳಿದೀಯಾ ಅಮ್ಮಾ?" ಅಂತ ಕೇಳಿದಳು. ಇಲ್ಲ ಅಂದೆ.