ಹೂವರ್ ಅಣೆಕಟ್ಟಿನ ಒಳಗೆ ಹೋಗಲು ಯಾವ ಟಿಕೆಟ್ ತೆಗೆದುಕೊಳ್ಳಬೇಕು?

ಸಾಗರದವಳು ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನಿರುವುದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಊರಿನಿಂದ ತಂದೆ ತಾಯಿ ಬಂದಿದ್ದಾರೆ. ಡಿಸೆಂಬರ್ ಕೊನೆಯ ವಾರ ಲಾಸ್ ವೇಗಸ್‌ಗೆ ಹೋಗುವಾಗ ಹೂವರ್ ಅಣೆಕಟ್ಟನ್ನೂ ನೋಡಿಕೊಂಡು ಬರಬೇಕೆಂದಿದ್ದೇವೆ. ತಂದೆಯವರು ಶರಾವತಿ ಪವರ್ ಹೌಸ್‌ನಲ್ಲಿ ವರ್ಷಗಟ್ಟಲೆ ಪಾಳಿ ಕೆಲಸ ಮಾಡಿ ನಿವೃತ್ತರಾದವರು. ಕಟ್ಟೆಯ ಮೇಲೆ ನಿಂತು ಫೋಟೊ ತೆಗೆಸಿಕೊಂಡು ಬರುವುದಷ್ಟೇ ಆದರೆ ತಮಗೆ ಆ ಪ್ರಯಾಣವೇ ಬೇಡ ಎನ್ನುತ್ತಾರೆ. ಮೆಷಿನ್ ಹಾಲ್ ಒಳಗೆ ಬಿಡುತ್ತಾರೆಯೇ ಎಂದು ಮೊದಲು ವಿಚಾರಿಸು ಎಂಬುದೊಂದೇ ಅವರ ಮಾತು. ತಾಯಿಯವರಿಗೆ ಮಂಡಿನೋವಿದೆ, ಜೊತೆಗೆ ಇಕ್ಕಟ್ಟಾದ ಜಾಗದಲ್ಲಿ ಉಸಿರು ಕಟ್ಟಿದಂತಾಗುತ್ತದೆ.

ಜಾಲತಾಣದಲ್ಲಿ ಪವರ್ ಪ್ಲಾಂಟ್ ಟೂರ್ ಮತ್ತು ಡ್ಯಾಮ್ ಟೂರ್ ಎಂದು ಎರಡು ಕಾಣುತ್ತಿವೆ. ಇವೆರಡರ ನಡುವಿನ ವ್ಯತ್ಯಾಸವೇನು, ಮುಂಗಡವಾಗಿ ಕಾದಿರಿಸಲು ಸಾಧ್ಯವೇ, ತಾಯಿಯವರು ಬರಲಾಗದಿದ್ದರೆ ಅಷ್ಟು ಹೊತ್ತು ಎಲ್ಲಿ ಕುಳಿತಿರಬಹುದು, ಅದೇ ದಿನ ಗ್ರ್ಯಾಂಡ್ ಕ್ಯಾನ್ಯನ್‌ಗೂ ಹೋಗಬಹುದೇ ಎಂಬುದನ್ನು ಕಂಡವರು ದಯವಿಟ್ಟು ತಿಳಿಸಬೇಕು.

ಹೆಂಡರ್ಸನ್ ನಿವಾಸಿ ಬರೆದ ಉತ್ತರ:

ನಿಮ್ಮ ತಂದೆಯವರಿಗೆ ಧಾರಾಳವಾಗಿ ಹೇಳಿ, ಮೆಷಿನ್ ಹಾಲ್ ತೋರಿಸುತ್ತಾರೆ. ಮಾರ್ಗದರ್ಶಕರೊಂದಿಗೆ ಹೋಗುವ ಎರಡೂ ಪ್ರವಾಸಗಳಲ್ಲಿ ಲಿಫ್ಟ್ ನಿಮ್ಮನ್ನು 500 ಅಡಿಗೂ ಹೆಚ್ಚು ಕೆಳಕ್ಕೆ ಇಳಿಸುತ್ತದೆ. ಅಲ್ಲಿಂದ ಟರ್ಬೈನಿಗೆ ನೀರು ಒಯ್ಯುವ 30 ಅಡಿ ವ್ಯಾಸದ ಕೊಳವೆಯಾದ ಪೆನ್‌ಸ್ಟಾಕನ್ನೂ ನೆವಾಡಾ ಬದಿಯ ಜನರೇಟರ್‌ಗಳ ಸಾಲನ್ನೂ ನೋಡಬಹುದು. ಪವರ್ ಪ್ಲಾಂಟ್ ಟೂರ್ ಇಷ್ಟಕ್ಕೇ ಮುಗಿಯುತ್ತದೆ, ಅರ್ಧ ಗಂಟೆ ಸಾಕು. ಡ್ಯಾಮ್ ಟೂರ್ ಸುಮಾರು ಒಂದು ಗಂಟೆಯದು. ಅದರಲ್ಲಿ ಇವೆಲ್ಲವನ್ನೂ ತೋರಿಸಿದ ಮೇಲೆ ಕಾಂಕ್ರೀಟಿನ ಹೊಟ್ಟೆಯೊಳಗಿನ ತಪಾಸಣಾ ಸುರಂಗಗಳಿಗೂ ಕರೆದೊಯ್ಯುತ್ತಾರೆ. ಆ ಸುರಂಗಗಳು ಕಿರಿದಾಗಿವೆ, ಗಾಲಿಕುರ್ಚಿ ಹೋಗುವುದಿಲ್ಲ, ಇಕ್ಕಟ್ಟು ಆಗದವರಿಗೆ ಅವು ಹೇಳಿದವಲ್ಲ. ಆದ್ದರಿಂದ ತಾಯಿಯವರಿಗೆ ಡ್ಯಾಮ್ ಟೂರ್ ಬೇಡವೇ ಬೇಡ. ಪವರ್ ಪ್ಲಾಂಟ್ ಟೂರಿಗೆ ಅವರೂ ಬರಬಹುದು. ಯಾರಿಗಾದರೂ ಪೇಸ್‌ಮೇಕರ್ ಅಳವಡಿಸಿದ್ದರೆ ಮಾತ್ರ, ಜನರೇಟರ್‌ಗಳ ಸುತ್ತಲಿನ ಕಾಂತಕ್ಷೇತ್ರದ ಕಾರಣ ಕೆಳಗೆ ಇಳಿಯದಿರುವುದು ಒಳ್ಳೆಯದು.

ಟಿಕೆಟಿನ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ. ಪವರ್ ಪ್ಲಾಂಟ್ ಟೂರಿನ ಟಿಕೆಟನ್ನು ಮುಂಗಡವಾಗಿ ಜಾಲತಾಣದಲ್ಲೇ ಕೊಳ್ಳಬಹುದು. ಡ್ಯಾಮ್ ಟೂರಿನದು ಸ್ಥಳದಲ್ಲಿ ಮಾತ್ರ, ಮೊದಲು ಬಂದವರಿಗೆ ಮೊದಲು ಎಂಬ ಕ್ರಮದಲ್ಲಿ ಸಿಗುತ್ತದೆ. ತಂಡ ಚಿಕ್ಕದಾದ್ದರಿಂದ ರಜೆಯ ವಾರದಲ್ಲಿ ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಮುಗಿದುಹೋಗಿರುತ್ತದೆ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಸರದಿಯಲ್ಲಿ ನಿಂತಿರಿ. ಕ್ರಿಸ್‌ಮಸ್ ದಿನ ಸಂದರ್ಶಕರ ಕೇಂದ್ರ ಮುಚ್ಚಿರುತ್ತದೆ. ಲಿಫ್ಟ್ ದುರಸ್ತಿಯಂಥ ಕಾರಣಕ್ಕೆ ಪ್ರವಾಸಗಳನ್ನು ನಿಲ್ಲಿಸುವುದೂ ಉಂಟು. ಹಿಂದಿನ ರಾತ್ರಿ ಅಣೆಕಟ್ಟನ್ನು ನಡೆಸುವ ಸರ್ಕಾರಿ ಸಂಸ್ಥೆ ಬ್ಯೂರೋ ಆಫ್ ರೆಕ್ಲಮೇಷನ್‌ನ ಪುಟವನ್ನು ಒಮ್ಮೆ ನೋಡಿಕೊಂಡು ಹೊರಡಿ, ದರಗಳೂ ಅಲ್ಲೇ ಇರುತ್ತವೆ.

ದಾರಿಯ ಬಗ್ಗೆ ಒಂದು ಮಾತು. 2010ರಲ್ಲಿ ಕಣಿವೆಯ ಮೇಲೆ ಹೊಸ ಸೇತುವೆ ಆದ ಮೇಲೆ ಹೆದ್ದಾರಿಯ ವಾಹನಗಳು ಅಣೆಕಟ್ಟಿನ ಮೇಲೆ ಬರುವುದಿಲ್ಲ. ಹೆದ್ದಾರಿಯಲ್ಲೇ ನೇರವಾಗಿ ಹೋದರೆ ಸೇತುವೆ ದಾಟಿ ಅರಿಜೋನಾ ಸೇರಿರುತ್ತೀರಿ, ಪಕ್ಕದ ತಡೆಗೋಡೆಯಿಂದಾಗಿ ಕಾರಿನಲ್ಲಿ ಕುಳಿತವರಿಗೆ ಅಣೆಕಟ್ಟು ಕಾಣುವುದೇ ಇಲ್ಲ. ನೆವಾಡಾ 172 ಎಂಬ ಕವಲು ರಸ್ತೆಗೆ ಇಳಿಯಬೇಕು. ಅಲ್ಲಿ ತಪಾಸಣಾ ಠಾಣೆಯಿದೆ, ಡಿಕ್ಕಿ ತೆಗೆದು ತೋರಿಸಬೇಕಾಗಬಹುದು. ಕಟ್ಟೆಯ ಮೇಲೆ ಕಾರಿನಲ್ಲೇ ಅರಿಜೋನಾ ದಡಕ್ಕೆ ಹೋಗಬಹುದಾದರೂ ಆ ರಸ್ತೆ ಅಲ್ಲಿಗೇ ಕೊನೆಯಾಗುವುದರಿಂದ ಹಿಂದಿರುಗಿಯೇ ಬರಬೇಕು. ಚಳಿಗಾಲದಲ್ಲಿ ಅರಿಜೋನಾ ಸಮಯ ನೆವಾಡಾಕ್ಕಿಂತ ಒಂದು ಗಂಟೆ ಮುಂದಿರುತ್ತದೆ. ಕಟ್ಟೆಯ ನಡುವೆಯೇ ಫೋನಿನ ಗಡಿಯಾರ ಜಿಗಿದು ಗಾಬರಿ ಹುಟ್ಟಿಸುತ್ತದೆ. ಟೂರಿನ ವೇಳೆ ನೆವಾಡಾದ್ದು.

ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚು ಅಲ್ಲಿಂದ ನಾಲ್ಕು ಗಂಟೆಯ ದಾರಿ. ಡಿಸೆಂಬರಿನ ಕಿರುಹಗಲಿನಲ್ಲಿ ಎರಡನ್ನೂ ಒಂದೇ ದಿನಕ್ಕೆ ಜೋಡಿಸಬೇಡಿ.

ಜಲಚಕ್ರ ಬರೆದ ಉತ್ತರ:

ಹೆಂಡರ್ಸನ್‌ನವರು ಹೇಳಿದ್ದನ್ನೆಲ್ಲ ಒಪ್ಪುತ್ತಲೇ ಒಂದು ಸೇರಿಸುತ್ತೇನೆ: ನಿಮ್ಮ ತಂದೆಯವರನ್ನು ಪವರ್ ಪ್ಲಾಂಟ್ ಟೂರಿಗಷ್ಟೇ ಕರೆದೊಯ್ಯಬೇಡಿ. ಯಂತ್ರಗಳನ್ನು ಅವರು ಜೀವನವಿಡೀ ನೋಡಿದ್ದಾರೆ. ಅವರು ನೋಡಿರಲಾರದ್ದು ಇಷ್ಟು ಎತ್ತರದ ಕಾಂಕ್ರೀಟ್ ಕಟ್ಟೆಯ ಒಳಭಾಗ.

ಶರಾವತಿಯ ವ್ಯವಸ್ಥೆಗೂ ಇದಕ್ಕೂ ಮೂಲದಲ್ಲೇ ಭೇದವಿದೆ. ಲಿಂಗನಮಕ್ಕಿಯಲ್ಲಿ ನಿಂತ ನೀರು ಕಾಲುವೆಯ ಮೂಲಕ ತಲಕಳಲೆ ಜಲಾಶಯ ಸೇರಿ, ಅಲ್ಲಿಂದ ಪೆನ್‌ಸ್ಟಾಕ್‌ಗಳಲ್ಲಿ ಘಟ್ಟದ ಬುಡಕ್ಕೆ ಧುಮುಕುತ್ತದೆ. ಅಲ್ಲಿ ಎತ್ತರವನ್ನು ಕೊಡುವುದು ಘಟ್ಟವೇ ಹೊರತು ಅಣೆಕಟ್ಟಲ್ಲ. ಹೂವರ್‌ನಲ್ಲಿ ಹಾಗಲ್ಲ. ಬ್ಲ್ಯಾಕ್ ಕ್ಯಾನ್ಯನ್ ಎಂಬ ಇಕ್ಕಟ್ಟಾದ ಕಮರಿಗೆ ಅಡ್ಡಲಾಗಿ 726 ಅಡಿ ಎತ್ತರದ ಕಟ್ಟೆಯನ್ನೆಬ್ಬಿಸಿ, ಆ ಕಟ್ಟೆಯ ಪಾದದಲ್ಲೇ ಎರಡೂ ದಡಗಳಿಗೆ ಒಂದೊಂದು ರೆಕ್ಕೆಯಂತೆ ಪವರ್ ಹೌಸ್ ಕಟ್ಟಿದ್ದಾರೆ. ಇಲ್ಲಿ ಎತ್ತರವನ್ನು ಮನುಷ್ಯರೇ ಕಟ್ಟಿಕೊಂಡಿದ್ದಾರೆ. ಲಿಂಗನಮಕ್ಕಿ ಕಟ್ಟೆ ಎರಡು ಕಿಲೋಮೀಟರಿಗೂ ಉದ್ದವಿದೆ. ಹೂವರ್‌ನ ಉದ್ದ 1,244 ಅಡಿ ಮಾತ್ರ, ಆದರೆ ತಳದಲ್ಲಿ ಅದರ ದಪ್ಪ 660 ಅಡಿ, ನೆತ್ತಿಯಲ್ಲಿ 45 ಅಡಿ.

ಇದರಿಂದ ಯಂತ್ರವೂ ಬೇರೆಯಾಗುತ್ತದೆ. ಶರಾವತಿಯಲ್ಲಿ ನೀರು 1,400 ಅಡಿಗೂ ಹೆಚ್ಚು ಎತ್ತರದಿಂದ ಬೀಳುವುದರಿಂದ ಅಲ್ಲಿರುವುದು ಪೆಲ್ಟನ್ ಚಕ್ರ. ಮೂತಿಯಿಂದ ಚಿಮ್ಮಿದ ಧಾರೆ ಬಟ್ಟಲುಗಳಿಗೆ ಹೊಡೆದು ಚಕ್ರವನ್ನು ತಿರುಗಿಸುತ್ತದೆ. ಹೂವರ್‌ನಲ್ಲಿ ಎತ್ತರ ಹೆಚ್ಚೆಂದರೆ 590 ಅಡಿ, ಆದರೆ ನೀರಿನ ಗಾತ್ರ ದೊಡ್ಡದು. ಅದಕ್ಕೆ ಫ್ರಾನ್ಸಿಸ್ ಟರ್ಬೈನ್, ಅಂದರೆ ಸುರುಳಿಯಾಕಾರದ ಕವಚದ ತುಂಬ ನೀರು ಒತ್ತಡದಲ್ಲಿ ನುಗ್ಗಿ ಸುತ್ತಲಿನಿಂದಲೂ ಚಕ್ರವನ್ನು ತಳ್ಳುವ ವ್ಯವಸ್ಥೆ. ನೆವಾಡಾ ಬದಿಯಲ್ಲಿ ಎಂಟು, ಅರಿಜೋನಾ ಬದಿಯಲ್ಲಿ ಒಂಬತ್ತು, ಒಟ್ಟು 17 ದೊಡ್ಡ ಯೂನಿಟ್‌ಗಳು, ಸ್ಥಾಪಿತ ಸಾಮರ್ಥ್ಯ ಸುಮಾರು 2,080 ಮೆಗಾವ್ಯಾಟ್. ಶರಾವತಿಯಲ್ಲಿ 103.5 ಮೆಗಾವ್ಯಾಟಿನ ಹತ್ತು ಯೂನಿಟ್‌ಗಳಿಂದ 1,035 ಎಂಬುದು ಅವರಿಗೆ ಬಾಯಿಪಾಠವಿರುತ್ತದೆ, ಹೋಲಿಕೆ ಅವರೇ ಮಾಡಿಕೊಳ್ಳುತ್ತಾರೆ. ಹೂವರ್‌ನ ಸ್ವಂತ ಬಳಕೆಯ ವಿದ್ಯುತ್ತಿಗಾಗಿ ಎರಡು ಪುಟ್ಟ ಪೆಲ್ಟನ್ ಯೂನಿಟ್‌ಗಳೂ ಇವೆ. ಅವುಗಳ ಬಗ್ಗೆ ಮಾರ್ಗದರ್ಶಕರನ್ನು ಕೇಳಲು ಹೇಳಿ, ಸಾಮಾನ್ಯ ಪ್ರವಾಸಿಗರು ಅದನ್ನು ಕೇಳುವುದಿಲ್ಲ. ಎಲ್ಲ ಯೂನಿಟ್‌ಗಳೂ ತಿರುಗುತ್ತಿರುವುದಿಲ್ಲ ಎಂಬುದನ್ನೂ ಮೊದಲೇ ತಿಳಿಸಿಬಿಡಿ, ಬೇಡಿಕೆಗೆ ತಕ್ಕಂತೆ ಓಡಿಸುತ್ತಾರೆ.

ಪೆನ್‌ಸ್ಟಾಕ್ ನೋಡಲು ನಿಲ್ಲಿಸುವ ಜಾಗವೂ ವಿಶೇಷವೇ. ಕಟ್ಟೆ ಕಟ್ಟುವ ಮೊದಲು ಕೊಲರಾಡೊ ನದಿಯನ್ನು ತಿರುಗಿಸಲು ಬಂಡೆಯಲ್ಲಿ ನಾಲ್ಕು ಸುರಂಗ ಕೊರೆದರು. ಕೊರೆದಾಗಿನ ವ್ಯಾಸ 56 ಅಡಿ, ಕಾಂಕ್ರೀಟಿನ ಹೊದಿಕೆ ಹಾಕಿದ ಮೇಲೆ 50 ಅಡಿ. 1932ರ ನವೆಂಬರಿನಲ್ಲಿ ನದಿ ಅವುಗಳೊಳಗೆ ಹರಿಯತೊಡಗಿತು. ಕೆಲಸ ಮುಗಿದ ಮೇಲೆ ಅವುಗಳಲ್ಲಿ ಎರಡರೊಳಗೆ ಪೆನ್‌ಸ್ಟಾಕ್ ಕೂರಿಸಿದರು, ಉಳಿದೆರಡಕ್ಕೆ ಕೋಡಿಯ ನೀರನ್ನು ಜೋಡಿಸಿದರು. 30 ಅಡಿಯ ಕೊಳವೆಯನ್ನು ರೈಲಿನಲ್ಲಿ ತರಲಾಗದೆ, ಸ್ಥಳದ ಹತ್ತಿರವೇ ಕಾರ್ಖಾನೆ ತೆರೆದು ಉಕ್ಕಿನ ಹಾಳೆಗಳನ್ನು ಬಾಗಿಸಿ ಬೆಸೆದರು. ಆ ಕೊಳವೆಯ ಮೇಲಿನ ವೇದಿಕೆಯಲ್ಲಿ ನಿಂತಾಗ ನೀರು ಹರಿಯುತ್ತಿದ್ದರೆ ಪಾದದಡಿ ಸಣ್ಣ ನಡುಕ ಗೊತ್ತಾಗುತ್ತದೆ. ಮಾರ್ಗದರ್ಶಕರು ಮಾತಾಡುತ್ತಿರುವಾಗ ತಂದೆಯವರು ಅವರ ಮಾತು ಬಿಟ್ಟು ಆ ನಡುಕವನ್ನೇ ಗಮನಿಸುತ್ತಾರೆ ಎಂದು ನನ್ನ ಊಹೆ.

ಇನ್ನು ತಪಾಸಣಾ ಸುರಂಗಗಳು. ಅವುಗಳ ಸುತ್ತಲಿನ ಕಾಂಕ್ರೀಟಿಗೂ ಒಂದು ಕಥೆಯಿದೆ. ಕಾಂಕ್ರೀಟ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಅಷ್ಟು ದೊಡ್ಡ ರಾಶಿಯನ್ನು ಒಂದೇ ಮುದ್ದೆಯಾಗಿ ಸುರಿದಿದ್ದರೆ ತಣಿಯಲು ನೂರು ವರ್ಷಕ್ಕೂ ಹೆಚ್ಚು ಹಿಡಿದು ಬಿರುಕು ಬಿಡುತ್ತಿತ್ತು ಎಂಬುದು ಇಂಜಿನಿಯರುಗಳ ಲೆಕ್ಕವಾಗಿತ್ತು. ಆದ್ದರಿಂದ ಒಂದಕ್ಕೊಂದು ಹೊಂದಿಕೊಳ್ಳುವ ಕಂಬಗಳಂತೆ ತುಂಡುತುಂಡಾಗಿ ಎರೆದು, ಒಳಗೆ 582 ಮೈಲಿ ಉದ್ದದ ಒಂದಂಗುಲದ ಕೊಳವೆ ಹಾಸಿ ತಣ್ಣೀರು ಹರಿಸಿದರು. ತಣಿದ ಮೇಲೆ ಸಂದುಗಳಿಗೂ ಕೊಳವೆಗಳಿಗೂ ಸಿಮೆಂಟ್ ರಾಡಿ ತುಂಬಿದರು. ಮೊದಲ ಬಕೆಟ್ ಕಾಂಕ್ರೀಟ್ ಬಿದ್ದದ್ದು 1933ರ ಜೂನ್ 6ರಂದು, ಕಟ್ಟೆ ನೆತ್ತಿ ಮುಟ್ಟಿದ್ದು ಎರಡು ವರ್ಷದೊಳಗೆ. ತಪಾಸಣಾ ಸುರಂಗದ ಕೊನೆಯಲ್ಲಿ ಗಾಳಿಗಂಡಿಯ ಜಾಲರಿಯಿದೆ. ಅದು ಕಟ್ಟೆಯ ಮುಖದಲ್ಲೇ ತೆರೆದುಕೊಂಡಿರುವುದರಿಂದ ನದಿಯೂ ಸೇತುವೆಯೂ ಚೌಕಟ್ಟಿನೊಳಗೆ ಕಾಣುತ್ತವೆ. ಡ್ಯಾಮ್ ಟೂರಿಗೆ ಕೊಡುವ ಹೆಚ್ಚಿನ ಹಣಕ್ಕೆ ಸಿಗುವುದು ಈ ನೋಟ, ಕೊಡಬಹುದಾದ ಹಣವೇ.

ಅಂದಹಾಗೆ, ನೀವಿರುವುದು ದಕ್ಷಿಣ ಕ್ಯಾಲಿಫೋರ್ನಿಯಾ. ಹೂವರ್‌ನ ವಿದ್ಯುತ್ತಿನ ಒಂದು ಪಾಲು ಕೊಲರಾಡೊ ನೀರನ್ನು ಬೆಟ್ಟ ಹತ್ತಿಸಿ ನಿಮ್ಮ ಕಡೆಗೆ ಸಾಗಿಸುವ ಪಂಪುಗಳಿಗೆ ಹೋಗುತ್ತದೆ. ತಂದೆಯವರಿಗೆ ಇದನ್ನೂ ತಿಳಿಸಿ.

ಫೀನಿಕ್ಸ್ ಕನ್ನಡಿಗ ಬರೆದ ಉತ್ತರ:

ತಾಯಿಯವರ ಬಗ್ಗೆ ಯಾರೂ ಹೆಚ್ಚು ಬರೆದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಸಂದರ್ಶಕರ ಕೇಂದ್ರದಲ್ಲಿ ಕುಳಿತುಕೊಳ್ಳಲು ಅನುಕೂಲವಿದೆ, ವೀಕ್ಷಣಾ ಅಂಗಳಕ್ಕೂ ಲಿಫ್ಟ್ ಇದೆ. ಕಟ್ಟೆಯ ಮೇಲೆ ನೆವಾಡಾ ಬದಿಯಲ್ಲಿ ಶಿಲ್ಪಿ ಆಸ್ಕರ್ ಹ್ಯಾನ್ಸೆನ್ ರೂಪಿಸಿದ 30 ಅಡಿ ಎತ್ತರದ ಎರಡು ರೆಕ್ಕೆಯ ಪ್ರತಿಮೆಗಳಿವೆ. ಕಾಲ್ಬೆರಳನ್ನು ಸವರಿದರೆ ಅದೃಷ್ಟ ಎಂಬ ನಂಬಿಕೆಯಿಂದ ಜನರು ಉಜ್ಜಿ ಉಜ್ಜಿ ಬೆರಳುಗಳಷ್ಟೇ ಚಿನ್ನದಂತೆ ಹೊಳೆಯುತ್ತಿವೆ. ಮುಂದಿನ ನೆಲದಲ್ಲಿ ನಕ್ಷತ್ರಪಟವಿದೆ. 1935ರ ಸೆಪ್ಟೆಂಬರ್ 30ರಂದು ಅಧ್ಯಕ್ಷ ರೂಸ್‌ವೆಲ್ಟ್ ಅಣೆಕಟ್ಟನ್ನು ಲೋಕಾರ್ಪಣೆ ಮಾಡಿದ ದಿನ ಆಕಾಶದಲ್ಲಿ ನಕ್ಷತ್ರಗಳಿದ್ದ ಸ್ಥಾನ ಅದರಲ್ಲಿದೆ. ಪಂಚಾಂಗ ನೋಡುವ ಹಿರಿಯರಿಗೆ ಅದು ಖಂಡಿತ ಹಿಡಿಸುತ್ತದೆ.

ಸೇತುವೆಯ ಕಾಲುದಾರಿಯಿಂದ ಇಡೀ ಅಣೆಕಟ್ಟು ಎದುರಿಗೆ ಕಾಣುತ್ತದೆ, ಅದಕ್ಕೆ ಶುಲ್ಕವಿಲ್ಲ. ಡಿಸೆಂಬರಿನಲ್ಲಿ ಅಲ್ಲಿ ಗಾಳಿ ಕೊರೆಯುತ್ತದೆ, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು. ಮಂಡಿನೋವಿದ್ದವರು ಮೆಟ್ಟಿಲು ಬಿಟ್ಟು ಇಳಿಜಾರು ದಾರಿಯಲ್ಲಿ ಹೋಗಬಹುದಾದರೂ ನಡಿಗೆ ಸಾಕಷ್ಟಿದೆ. ಅಲ್ಲಿಂದ ಅಣೆಕಟ್ಟಿನ ಹಿಂದೆ ನಿಂತ ಮೀಡ್ ಸರೋವರದ ಬಂಡೆಗಳ ಮೇಲೆ ಬಿಳಿಯ ಪಟ್ಟಿ ಕಾಣುತ್ತದೆ. ತುಂಬಿದಾಗ ನೀರು ನಿಲ್ಲುತ್ತಿದ್ದ ಮಟ್ಟದ ಗುರುತು ಅದು. 2022ರ ಬೇಸಿಗೆಯಲ್ಲಿ ನೀರು ಸಮುದ್ರಮಟ್ಟದಿಂದ ಸುಮಾರು 1,040 ಅಡಿಗೆ ಇಳಿದಿತ್ತು, 1930ರ ದಶಕದಲ್ಲಿ ತುಂಬತೊಡಗಿದ ಮೇಲೆ ಅಷ್ಟು ಕೆಳಗೆ ಹೋದದ್ದು ಅದೇ ಮೊದಲು.

ಕಾಂಕ್ರೀಟಿನಲ್ಲಿ ಕೂಲಿಗಳ ಹೆಣಗಳಿವೆ ಎಂಬ ಕಥೆಯನ್ನು ದಾರಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ನಂಬಬೇಡಿ. ತೆಳು ಪದರಗಳಲ್ಲಿ ಎರೆಯುತ್ತಿದ್ದುದರಿಂದ ಅದು ಸಾಧ್ಯವೇ ಇರಲಿಲ್ಲ. ಕಾಮಗಾರಿಯಲ್ಲಿ 96 ಮಂದಿ ಸತ್ತರೆಂಬುದು ಮಾತ್ರ ಅಧಿಕೃತ ಲೆಕ್ಕ, ಮತ್ತು ಸುರಂಗದ ಹೊಗೆ ಕುಡಿದು ಮುಂದೆ ಕಾಯಿಲೆಯಿಂದ ಸತ್ತವರು ಅದರಲ್ಲಿ ಸೇರಿಲ್ಲ ಎಂಬ ಆಕ್ಷೇಪ ಹಳೆಯದು. ಊಟಕ್ಕೆ ಬೌಲ್ಡರ್ ಸಿಟಿಗೆ ಹೋಗಿ. ಅಣೆಕಟ್ಟಿನ ಕೆಲಸಗಾರರಿಗಾಗಿಯೇ ಕಟ್ಟಿದ ಊರದು, ಜೂಜಿಗೆ ಹೆಸರಾದ ನೆವಾಡಾದಲ್ಲಿದ್ದೂ ಅಲ್ಲಿ ಜೂಜು ನಿಷಿದ್ಧ.

ಸಾಗರದವಳು:

ಎಲ್ಲರಿಗೂ ಧನ್ಯವಾದಗಳು. ತಂದೆಯವರು ಮತ್ತು ನಾನು ಡ್ಯಾಮ್ ಟೂರಿಗೆ, ಅಮ್ಮ ನನ್ನ ಪತಿಯೊಂದಿಗೆ ಪವರ್ ಪ್ಲಾಂಟ್ ಟೂರಿಗೆ ಎಂದು ತೀರ್ಮಾನವಾಯಿತು. ಇನ್ನೊಂದು ಸಣ್ಣ ಸಂದೇಹ: ತಂದೆಯವರು ಎಲೆಯಡಿಕೆ ಸಂಚಿಯನ್ನು ಅಡಕತ್ತರಿ ಸಮೇತ ಎಲ್ಲಿಗೆ ಹೋದರೂ ಜೊತೆಗಿಟ್ಟುಕೊಳ್ಳುತ್ತಾರೆ. ಒಳಗೆ ಬಿಡುತ್ತಾರೆಯೇ?

ಹೆಂಡರ್ಸನ್ ನಿವಾಸಿ:

ಅಡಕತ್ತರಿ ಬಿಡುವುದಿಲ್ಲ. ವಿಮಾನ ನಿಲ್ದಾಣದಂತೆಯೇ ಎಕ್ಸ್-ರೇ ತಪಾಸಣೆಯಿದೆ, ಸಣ್ಣ ಚಾಕುವನ್ನೂ ಒಳಗೆ ಒಯ್ಯುವಂತಿಲ್ಲ, ಟೂರಿನಲ್ಲಿ ನೀರಿನ ಹೊರತು ಬೇರೇನನ್ನೂ ತಿನ್ನುವ ಕುಡಿಯುವ ಹಾಗಿಲ್ಲ. ಸಂಚಿಯನ್ನು ಕಾರಿನಲ್ಲೇ ಇಟ್ಟು ಬನ್ನಿ, ಕವಳವನ್ನು ಸರದಿಗೆ ನಿಲ್ಲುವ ಮೊದಲೇ ಮುಗಿಸಿಕೊಳ್ಳಲು ಹೇಳಿ.